ಪಾಕದ ಹದ, ಬೆಟ್ಟದ ಗುಣ

ಪ್ರಶ್ನೆ: ಸರ್, ಎಂಟನೇ ತರಗತಿಯ ಮಗಳಿಗೆ ಜ್ವಾಲಾಮುಖಿ ಪಾಠ ಹೇಳಿಕೊಡಲು ಕೂತು ನಾನೇ ಗೊಂದಲಕ್ಕೆ ಬಿದ್ದೆ. ಒಂದು ಪುಸ್ತಕದಲ್ಲಿ ಜ್ವಾಲಾಮುಖಿಗಳು ಮೂರು ವಿಧ: ಜಾಗೃತ, ಸುಪ್ತ, ಲುಪ್ತ ಅಂತಿದೆ. ಇನ್ನೊಂದರಲ್ಲಿ ಗುರಾಣಿ, ಶಂಕು, ಮಿಶ್ರ ಅಂತ ಬೇರೆಯೇ ಮೂರು. ವಿಡಿಯೊ ನೋಡಿದರೆ ಒಂದು ಕಡೆ ಲಾವಾ ಹರಿಯುತ್ತಿದೆ, ಜನ ಸ್ವಲ್ಪ ದೂರದಲ್ಲಿ ನಿಂತು ಫೋಟೊ ತೆಗೆಯುತ್ತಿದ್ದಾರೆ. ಇನ್ನೊಂದು ಕಡೆ ಬೆಟ್ಟವೇ ಸಿಡಿದು ಊರಿಗೆ ಊರೇ ಮಾಯ. ಯಾಕೆ ಇಷ್ಟು ವ್ಯತ್ಯಾಸ? ಎಲ್ಲಕ್ಕಿಂತ ಅಪಾಯಕಾರಿ ಯಾವುದು? ಮಗಳು ಮೂರೂ ವಿಧದ ಚಿತ್ರ ಬರೆಯಬೇಕಂತೆ, ಅದಕ್ಕೂ ಏನಾದರೂ ಹೇಳಿ.

ಉತ್ತರ: ಎರಡೂ ಪುಸ್ತಕ ಸರಿ. ಆದರೆ ಅವು ಎರಡು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿವೆ. ಜಾಗೃತ, ಸುಪ್ತ, ಲುಪ್ತ ಅನ್ನುವುದು ಬೆಟ್ಟ ಈಗ ಎಚ್ಚರವಾಗಿದೆಯಾ, ಮಲಗಿದೆಯಾ, ಸತ್ತಿದೆಯಾ ಎಂಬ ಲೆಕ್ಕ. ಗುರಾಣಿ, ಶಂಕು, ಮಿಶ್ರ ಅನ್ನುವುದು ಬೆಟ್ಟ ಹೇಗೆ ಕಟ್ಟಿಕೊಂಡಿತು ಎಂಬ ಲೆಕ್ಕ. ಮೊದಲನೆಯದು ಅದರ ಸ್ಥಿತಿ, ಎರಡನೆಯದು ಅದರ ಹುಟ್ಟುಗುಣ. ನನ್ನನ್ನು ಕೇಳಿದರೆ ಮೊದಲನೆಯ ವಿಂಗಡಣೆಯಿಂದ ತಿಳಿಯುವುದು ಕಡಿಮೆ, ಮೋಸ ಹೋಗುವುದೇ ಜಾಸ್ತಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಭೂಮಿಯ ಒಳಗೆ ಕರಗಿದ ಕಲ್ಲಿಗೆ ಮ್ಯಾಗ್ಮಾ ಎನ್ನುತ್ತಾರೆ. ಅದೇ ಹೊರಗೆ ಬಂದರೆ ಲಾವಾ. ಮ್ಯಾಗ್ಮಾಗೆ ಕನ್ನಡದಲ್ಲಿ ಶಿಲಾಪಾಕ ಅಂತ ಒಂದು ಒಳ್ಳೆಯ ಪದ ಇದೆ. ಆ ಪದದಲ್ಲೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಡಗಿದೆ. ಪಾಕ ಎಂದ ಮೇಲೆ ಅದಕ್ಕೊಂದು ಹದ ಇರಲೇಬೇಕು, ಅಲ್ವಾ? ನೀರಾಗಿದೆಯಾ, ಅಂಟಾಗಿದೆಯಾ, ಗಟ್ಟಿಯಾಗಿದೆಯಾ ಎನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಈ ಹದವನ್ನು ಮುಖ್ಯವಾಗಿ ತೀರ್ಮಾನಿಸುವುದು ಸಿಲಿಕಾ. ಮರಳಿನಲ್ಲಿ, ಗಾಜಿನಲ್ಲಿ ಇರುವುದು ಇದೇ. ಕರಗಿದ ಕಲ್ಲಿನೊಳಗೆ ಸಿಲಿಕಾ ಕಣಗಳು ಒಂದರ ಕೈ ಒಂದು ಹಿಡಿದು ಸರಪಳಿ ಕಟ್ಟುತ್ತವೆ. ಸಿಲಿಕಾ ಹೆಚ್ಚಾದಷ್ಟೂ ಸರಪಳಿ ಉದ್ದ, ಪಾಕ ಮಂದ. ಬಸಾಲ್ಟ್ ಎಂಬ ಕಪ್ಪು ಕಲ್ಲಾಗುವ ಪಾಕದಲ್ಲಿ ಸಿಲಿಕಾ ನೂರಕ್ಕೆ ಸುಮಾರು 50 ಭಾಗ ಇರುತ್ತದೆ. ಬಿಸಿ 1100ರಿಂದ 1200 ಡಿಗ್ರಿ ಸೆಲ್ಸಿಯಸ್. ಅದು ಸರಾಗವಾಗಿ ಹರಿಯುತ್ತದೆ. ರಯೋಲೈಟ್ ಎಂಬ ಇನ್ನೊಂದು ತುದಿಯ ಪಾಕದಲ್ಲಿ ಸಿಲಿಕಾ 70 ಭಾಗಕ್ಕಿಂತ ಹೆಚ್ಚು. ಬಿಸಿ 700ರಿಂದ 850 ಡಿಗ್ರಿ ಅಷ್ಟೇ. ಅದನ್ನು ಹರಿಯುತ್ತದೆ ಅನ್ನುವುದಕ್ಕಿಂತ ತಳ್ಳಿಸಿಕೊಂಡು ಬರುತ್ತದೆ ಅನ್ನಬೇಕು. ಇವೆರಡರ ನಡುವೆ ಆಂಡಿಸೈಟ್, ಡೇಸೈಟ್ ಅಂತ ಮೆಟ್ಟಿಲುಗಳಿವೆ.

ಎರಡನೆಯ ಸಂಗತಿ ಅನಿಲ. ಪಾಕದಲ್ಲಿ ನೀರಿನ ಆವಿ, ಇಂಗಾಲದ ಡೈಆಕ್ಸೈಡ್, ಗಂಧಕದ ಡೈಆಕ್ಸೈಡ್ ಕರಗಿರುತ್ತವೆ. ಆಳದಲ್ಲಿ ಒತ್ತಡ ಇರುವವರೆಗೆ ಅವು ತೆಪ್ಪಗಿರುತ್ತವೆ. ಪಾಕ ಮೇಲೇರಿ ಒತ್ತಡ ಇಳಿದ ಹಾಗೆ ಗುಳ್ಳೆ ಏಳುತ್ತದೆ. ಸೋಡಾ ಬಾಟಲಿಯ ಮುಚ್ಚಳ ತೆಗೆದಾಗ ಆಗುವುದು ಇದೇ ತಾನೇ? ಪಾಕ ತೆಳುವಾಗಿದ್ದರೆ ಗುಳ್ಳೆಗಳು ಸುಮ್ನೆ ಎದ್ದು ಹೋಗುತ್ತವೆ. ಮಂದವಾಗಿದ್ದರೆ ಒಳಗೇ ಸಿಕ್ಕಿಕೊಂಡು ಹಿಗ್ಗುತ್ತವೆ. ಹಿಗ್ಗಿ ಹಿಗ್ಗಿ ಕೊನೆಗೆ ಆ ಪಾಕವನ್ನೇ ಪುಡಿ ಪುಡಿ ಮಾಡಿ ಹೊರಗೆ ಎಸೆಯುತ್ತವೆ. ಅದೇ ಸ್ಫೋಟ.

ನನ್ನ ಮೇಜಿನ ಮೇಲೆ ಎರಡು ಕಲ್ಲುಗಳಿವೆ. ಒಂದು ಕಪ್ಪಗೆ, ಭಾರವಾಗಿದೆ. ಅಲ್ಲಲ್ಲಿ ಹೆಸರುಕಾಳಿನಷ್ಟು ತೂತುಗಳು. ಗುಳ್ಳೆಗಳು ಬಿಡಿಬಿಡಿಯಾಗಿ ಎದ್ದ ಜಾಗ ಅದು. ಇನ್ನೊಂದು ಬಿಳಿ, ಪ್ಯೂಮಿಸ್. ಹಿಮ್ಮಡಿ ಉಜ್ಜಲು ಅಂಗಡಿಯಲ್ಲಿ ಸಿಗುತ್ತದಲ್ಲ, ಅದೇ. ಅದನ್ನು ಲೋಟದ ನೀರಿಗೆ ಹಾಕಿದರೆ ತೇಲುತ್ತದೆ. ಭೂತಗನ್ನಡಿ ಹಿಡಿದು ನೋಡಿದರೆ ಅದರಲ್ಲಿ ಕಲ್ಲಿಗಿಂತ ತೂತೇ ಹೆಚ್ಚು, ನೊರೆ ಹಾಗೇ ಗಟ್ಟಿಯಾದಂತೆ. ನಿಜಕ್ಕೂ ಅದು ನೊರೆಯೇ. ಮಂದ ಪಾಕದಲ್ಲಿ ಅನಿಲ ಸಿಕ್ಕಿಕೊಂಡು ಉಬ್ಬಿ, ಆಕಾಶಕ್ಕೆ ಚಿಮ್ಮಿ, ಹಾರುತ್ತಲೇ ಹೆಪ್ಪುಗಟ್ಟಿದ ನೊರೆ. ಜ್ವಾಲಾಮುಖಿಗಳ ವಿಧ ಅಂದರೇನು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಈ ಎರಡು ಕಲ್ಲನ್ನೇ ಅವರ ಕೈಗೆ ಕೊಡುತ್ತೇನೆ.

ಈಗ ಬೆಟ್ಟಗಳಿಗೆ ಬರೋಣ.

ತೆಳು ಪಾಕ ಕಟ್ಟುವುದು ಗುರಾಣಿ ಜ್ವಾಲಾಮುಖಿ. ಲಾವಾ ಬಾಯಿಯಿಂದ ಹೊರಟು ದೂರ ದೂರ ಹರಡಿ ತೆಳ್ಳಗೆ ಗಟ್ಟಿಯಾಗುತ್ತದೆ. ಅದರ ಮೇಲೆ ಇನ್ನೊಂದು ಪದರ, ಮತ್ತೊಂದು. ಸಾವಿರಾರು ಪದರ ಸೇರಿದಾಗ ನೆಲದ ಮೇಲೆ ಬೋರಲು ಹಾಕಿದ ಗುರಾಣಿಯ ಹಾಗೆ ಅಗಲವಾದ, ಚಪ್ಪಟೆಯಾದ ಬೆಟ್ಟ ಆಗುತ್ತದೆ. ಇಳಿಜಾರು ಸಾಮಾನ್ಯವಾಗಿ 2ರಿಂದ 10 ಡಿಗ್ರಿ. ಎದುರಿಗೆ ನಿಂತರೆ ಬೆಟ್ಟ ಅಂತಲೇ ಅನಿಸುವುದಿಲ್ಲ. ಹವಾಯಿಯ ಮೌನಾ ಲೋವಾ ಇದಕ್ಕೆ ದೊಡ್ಡ ಉದಾಹರಣೆ. ಸಮುದ್ರಮಟ್ಟದಿಂದ ಎತ್ತರ 4,169 ಮೀಟರ್. ಆದರೆ ಬುಡ ಇರುವುದು ಸಮುದ್ರದ ತಳದಲ್ಲಿ. ಅಲ್ಲಿಂದ ಅಳೆದರೆ ಸುಮಾರು 9 ಕಿಲೋಮೀಟರ್. ಆ ದ್ವೀಪದ ಅರ್ಧ ಭಾಗ ಈ ಒಂದೇ ಬೆಟ್ಟ. ಅದರ ಭಾರಕ್ಕೆ ಸಮುದ್ರದ ತಳವೇ ಸುಮಾರು 8 ಕಿಲೋಮೀಟರ್ ಕುಸಿದು ಬಾಗಿದೆ.

ಜನ ಫೋಟೊ ತೆಗೆಯುವ ವಿಡಿಯೊ ಅಂದಿರಲ್ಲ, ಅದು ಬಹುಶಃ ಇಂಥದ್ದೇ ಜಾಗದ್ದು. ಇಂಥ ಲಾವಾದಲ್ಲೂ ಎರಡು ಬಗೆ. ಒಂದರ ಮೇಲ್ಮೈ ನುಣುಪಾಗಿ, ಹಗ್ಗ ಸುತ್ತಿಟ್ಟ ಹಾಗೆ ಮಡಿಕೆ ಮಡಿಕೆಯಾಗಿರುತ್ತದೆ. ಇನ್ನೊಂದು ಚೂಪು ಚೂಪಾದ ಕಲ್ಲುಗಳ ರಾಶಿ. ಹವಾಯಿ ಭಾಷೆಯಲ್ಲಿ ಮೊದಲನೆಯದು ಪಾಹೋಯ್‌ಹೋಯ್, ಎರಡನೆಯದು ಆ-ಆ. ಭೂವಿಜ್ಞಾನಿಗಳು ಜಗತ್ತಿನ ಎಲ್ಲ ಕಡೆ ಈ ಹವಾಯಿ ಪದಗಳನ್ನೇ ಬಳಸುತ್ತಾರೆ. ಬರಿಗಾಲಲ್ಲಿ ಎರಡನೆಯದರ ಮೇಲೆ ನಡೆದರೆ ಬಾಯಿಂದ ಬರುವ ಶಬ್ದ ಅದೇ ಅಂತ ಒಂದು ತಮಾಷೆ ನಮ್ಮಲ್ಲಿ ಓಡಾಡುತ್ತದೆ.

ಲಾವಾದ ಮುಂಚೂಣಿ ಸಾಮಾನ್ಯವಾಗಿ ಮನುಷ್ಯನ ನಡಿಗೆಗಿಂತ ನಿಧಾನ. ಹಾಗಾಗಿ ಗುರಾಣಿ ಜ್ವಾಲಾಮುಖಿ ಜೀವ ತೆಗೆಯುವುದು ಕಡಿಮೆ. ಮನೆಗಳನ್ನು ಮಾತ್ರ ಬಿಡುವುದಿಲ್ಲ. ಅದೇ ದ್ವೀಪದ ಕಿಲವೇಯಾ 1983ರಿಂದ 2018ರವರೆಗೆ ಹೆಚ್ಚುಕಡಿಮೆ ಬಿಡುವಿಲ್ಲದೆ ಲಾವಾ ಸುರಿಸಿತು. ಕೊನೆಯ ವರ್ಷ ಜನವಸತಿಯ ನಡುವೆಯೇ ನೆಲ ಬಿರಿದು ಸುಮಾರು 700 ಮನೆಗಳು ಹೋದವು. ಜನ ಎದ್ದು ಬಂದರು, ಮನೆ ಬರಲಿಲ್ಲ.

ಶಂಕು ಅಂತ ನಿಮ್ಮ ಪುಸ್ತಕ ಹೇಳುವುದು ಸಿಂಡರ್ ಕೋನ್. ಮೂರರಲ್ಲಿ ಚಿಕ್ಕದು, ಸರಳ. ಬಾಯಿಯಿಂದ ಲಾವಾದ ತುಣುಕುಗಳು ಕಾರಂಜಿಯ ಹಾಗೆ ಚಿಮ್ಮುತ್ತವೆ. ಗಾಳಿಯಲ್ಲೇ ಆರಿ, ತೂತು ತೂತಾದ ಕಲ್ಲಾಗಿ, ಬಾಯಿಯ ಸುತ್ತಲೇ ಬೀಳುತ್ತವೆ. ಜಲ್ಲಿ ರಾಶಿ ಸುರಿದ ಹಾಗೆ ಅಂದುಕೊಳ್ಳಿ. ಜಲ್ಲಿ ರಾಶಿಗೆ ಒಂದು ಮಿತಿಯ ಇಳಿಜಾರು ಇರುತ್ತದೆ, ಅದಕ್ಕಿಂತ ಕಡಿದಾದರೆ ಜಾರಿ ಕೆಳಗೆ ಬರುತ್ತದೆ. ಇಲ್ಲೂ ಅಷ್ಟೇ, ಸುಮಾರು 30ರಿಂದ 35 ಡಿಗ್ರಿ.

ಇಂಥದ್ದೊಂದು ಬೆಟ್ಟ ಮನುಷ್ಯರ ಕಣ್ಣೆದುರೇ ಹುಟ್ಟಿದೆ. ಮೆಕ್ಸಿಕೊದ ಮಿಚೊಅಕಾನ್ ಪ್ರಾಂತ್ಯ, 1943ರ ಫೆಬ್ರವರಿ 20. ದಿಯೊನಿಸಿಯೊ ಪುಲಿದೊ ಎಂಬ ರೈತ ಜೋಳದ ಹೊಲ ಹದ ಮಾಡುತ್ತಿದ್ದ. ಹಲವು ದಿನಗಳಿಂದ ನೆಲ ನಡುಗುತ್ತಲೇ ಇತ್ತು. ಅವತ್ತು ಹೊಲದಲ್ಲಿ ಒಂದು ಬಿರುಕು ಕಂಡಿತು. ನೋಡ ನೋಡುತ್ತಿದ್ದಂತೆ ನೆಲ ಆಳೆತ್ತರಕ್ಕೆ ಉಬ್ಬಿತು. ಬುಸ್ ಎಂಬ ಸದ್ದು, ಗಂಧಕದ ವಾಸನೆ, ಬೂದಿ. ಮರುದಿನ ಬೆಳಗಾಗುವಷ್ಟರಲ್ಲಿ ಹೊಲದ ನಡುವೆ ಒಂದು ಗುಡ್ಡ ನಿಂತಿತ್ತು. ವರ್ಷ ತುಂಬುವಾಗ ಅದು 300 ಮೀಟರ್ ದಾಟಿತ್ತು. 1952ರಲ್ಲಿ, ಒಂಬತ್ತು ವರ್ಷ ಉಗುಳಿದ ಮೇಲೆ, 424 ಮೀಟರ್ ಎತ್ತರಕ್ಕೆ ಬಂದು ಪೂರ್ತಿ ಸುಮ್ಮನಾಯಿತು. ಅದೇ ಪಾರಿಕುಟಿನ್. ಅದರ ಲಾವಾ ನಿಧಾನವಾಗಿ ತೆವಳಿ ಎರಡು ಊರುಗಳನ್ನು ನುಂಗಿತು. ಒಂದು ಊರಿನ ಚರ್ಚಿನ ಗೋಪುರ ಇವತ್ತಿಗೂ ಕಪ್ಪು ಕಲ್ಲಿನ ಸಮುದ್ರದಿಂದ ತಲೆ ಎತ್ತಿ ನಿಂತಿದೆ. ಲಾವಾಗೆ ಸಿಕ್ಕಿ ಒಬ್ಬರೂ ಸಾಯಲಿಲ್ಲ. ಸತ್ತ ಮೂವರು ಬೂದಿ ಮೋಡದಲ್ಲಿ ಹುಟ್ಟಿದ ಸಿಡಿಲಿಗೆ ಬಲಿಯಾದವರು.

ಹೆಚ್ಚಿನ ಸಿಂಡರ್ ಕೋನ್‌ಗಳ ಆಯಸ್ಸು ಹೀಗೇ. ಒಂದೇ ಸಲ ಹುಟ್ಟಿ, ಬೆಳೆದು, ಮುಗಿದುಹೋಗುತ್ತವೆ. ಮತ್ತೆ ಏಳುವುದು ಅಪರೂಪ.

ಮೂರನೆಯದು ಮಿಶ್ರ ಜ್ವಾಲಾಮುಖಿ. ಪದರ ಜ್ವಾಲಾಮುಖಿ, ಸ್ಟ್ರಾಟೊ ಜ್ವಾಲಾಮುಖಿ ಎಂದೂ ಹೇಳುತ್ತಾರೆ. ಕ್ಯಾಲೆಂಡರ್ ಚಿತ್ರಗಳಲ್ಲಿ ತುದಿಗೆ ಹಿಮ ಹೊತ್ತು ಚೂಪಾಗಿ ನಿಂತಿರುತ್ತದಲ್ಲ, ಅದು. ಜಪಾನಿನ ಫೂಜಿ, ಫಿಲಿಪೀನ್ಸ್‌ನ ಮಯೋನ್, ಇಟಲಿಯ ವೆಸೂವಿಯಸ್ ಎಲ್ಲ ಇದೇ ಜಾತಿ. ಒಂದು ಸಲ ಮಂದ ಲಾವಾ ಹರಿದು ಗಟ್ಟಿ ಪದರ, ಇನ್ನೊಂದು ಸಲ ಸ್ಫೋಟವಾಗಿ ಬೂದಿ-ಕಲ್ಲಿನ ಪದರ. ಗಾರೆ, ಇಟ್ಟಿಗೆ, ಮತ್ತೆ ಗಾರೆ ಎನ್ನುವ ಹಾಗೆ ಕಟ್ಟಿಕೊಂಡು ಹೋಗುತ್ತದೆ. ಸಾವಿರಾರು ವರ್ಷ, ಕೆಲವು ಸಲ ಲಕ್ಷಾಂತರ ವರ್ಷ.

ಇವುಗಳಲ್ಲಿ ಪಾಕ ಯಾಕೆ ಮಂದ? ಇವು ಹುಟ್ಟುವ ಜಾಗ ಅಂಥದ್ದು. ಸಮುದ್ರ ತಳದ ಶಿಲಾಫಲಕ, ಅಂದರೆ ಭೂಮಿಯ ಹೊರಚಿಪ್ಪಿನ ದೊಡ್ಡ ತುಂಡು, ಇನ್ನೊಂದು ಫಲಕದ ಅಡಿಗೆ ತೂರುವ ಕಡೆಗಳಲ್ಲಿ ಇವು ಸಾಲಾಗಿ ಏಳುತ್ತವೆ. ಪೆಸಿಫಿಕ್ ಸಾಗರದ ಸುತ್ತ ಇರುವ ಬೆಂಕಿಯ ಬಳೆ ಅಂದರೆ ಇದೇ. ತೂರುವ ಫಲಕ ತನ್ನೊಳಗೆ ನೀರನ್ನೂ ಒಯ್ಯುತ್ತದೆ. ಆಳಕ್ಕೆ ಹೋದಾಗ ಆ ನೀರು ಹೊರಬಂದು ಮೇಲಿನ ಬಿಸಿ ಕಲ್ಲಿಗೆ ಸೇರುತ್ತದೆ. ನೀರು ಸೇರಿದ ಕಲ್ಲು ಕಡಿಮೆ ಬಿಸಿಗೇ ಕರಗುತ್ತದೆ. ಹೀಗೆ ಹುಟ್ಟಿದ ಪಾಕ ದಪ್ಪನೆಯ ಹೊರಪದರವನ್ನು ತೂರಿ ಮೇಲೆ ಬರುವ ದಾರಿಯಲ್ಲಿ ಸಿಲಿಕಾ ಹೆಚ್ಚಿಸಿಕೊಳ್ಳುತ್ತದೆ. ಅಂದರೆ ಮಂದವೂ ಆಯಿತು, ಅನಿಲವೂ ತುಂಬಿತು. ಎರಡೂ ಕೆಟ್ಟದ್ದು ಒಂದೇ ಕಡೆ ಕೂಡಿದ ಹಾಗೆ. ಹವಾಯಿಯಲ್ಲಿ ಹಾಗಲ್ಲ. ಅಲ್ಲಿ ಪಾಕ ಆಳದಿಂದ ಏಳುವ ಬಿಸಿ ಕಲ್ಲಿನ ಬುಗ್ಗೆಯಿಂದ ತೆಳುವಾದ ಸಮುದ್ರ ತಳವನ್ನು ಸೀಳಿಕೊಂಡು ಸೀದಾ ಬರುತ್ತದೆ. ಕಲಬೆರಕೆಗೆ ಅವಕಾಶ ಕಡಿಮೆ.

ಬೆಟ್ಟ ಸಿಡಿಯುವುದು ಅಂದರೆ ಏನು ಅಂತ ತಿಳಿಯಬೇಕಾದರೆ ಅಮೆರಿಕದ ಸೇಂಟ್ ಹೆಲೆನ್ಸ್ ನೋಡಬೇಕು. 1980ರ ಮಾರ್ಚ್‌ನಲ್ಲಿ ಅದು ಮಿಸುಕಾಡಲು ಶುರು ಮಾಡಿತು. ಮಂದ ಪಾಕ ಒಳಗೆ ಏರಿತು, ಹೊರಗೆ ಬರಲು ದಾರಿ ಸಿಗಲಿಲ್ಲ. ಬೆಟ್ಟದ ಉತ್ತರ ಮಗ್ಗುಲು ದಿನಕ್ಕೆ ಒಂದೂವರೆ, ಎರಡು ಮೀಟರ್‌ನಂತೆ ಹೊರಕ್ಕೆ ಉಬ್ಬುತ್ತಾ ಹೋಯಿತು. ಮೇ 18ರ ಬೆಳಿಗ್ಗೆ 8 ಗಂಟೆ 32 ನಿಮಿಷಕ್ಕೆ ಒಂದು ಭೂಕಂಪ. ಉಬ್ಬಿದ ಮಗ್ಗುಲು ಪೂರ್ತಿ ಕಳಚಿ ಜಾರಿತು. ದಾಖಲೆಯಲ್ಲಿರುವ ಅತಿ ದೊಡ್ಡ ಭೂಕುಸಿತ ಅದೇ. ಬಾಟಲಿಯ ಮುಚ್ಚಳ ಹಾರಿದ ಹಾಗಾಯಿತು, ಅದೂ ಪಕ್ಕಕ್ಕೆ. ಒಳಗಿದ್ದ ಅನಿಲ ಅಡ್ಡಡ್ಡವಾಗಿ ಸಿಡಿದು ಸುಮಾರು 600 ಚದರ ಕಿಲೋಮೀಟರ್ ಕಾಡನ್ನು ಬಾಚಣಿಗೆಯಲ್ಲಿ ಬಾಚಿದ ಹಾಗೆ ಮಲಗಿಸಿತು. ಬೆಟ್ಟದ ಎತ್ತರ 400 ಮೀಟರ್ ಇಳಿಯಿತು. 57 ಜನ ಸತ್ತರು. ಅವರಲ್ಲಿ ಸುಮಾರು 10 ಕಿಲೋಮೀಟರ್ ದೂರದ ದಿಣ್ಣೆಯಲ್ಲಿ ಕೂತು ಬೆಟ್ಟವನ್ನು ಅಳೆಯುತ್ತಿದ್ದ ಜ್ವಾಲಾಮುಖಿ ತಜ್ಞ ಡೇವಿಡ್ ಜಾನ್‌ಸ್ಟನ್ ಕೂಡ ಒಬ್ಬರು.

ಇಲ್ಲೊಂದು ತಪ್ಪು ಕಲ್ಪನೆ ತಿದ್ದಬೇಕು. ಬೂದಿ, ಹೊಗೆ ಅಂತೆಲ್ಲ ನಾವು ಹೇಳುತ್ತೇವೆ. ಆದರೆ ಅಲ್ಲಿ ಏನೂ ಉರಿದಿರುವುದಿಲ್ಲ. ಆ ಬೂದಿ ಕಲ್ಲಿನ ಪುಡಿ, ಗಾಜಿನ ಚೂರು. ಕಟ್ಟಿಗೆ ಬೂದಿಯ ಹಾಗೆ ನೀರಿನಲ್ಲಿ ಕರಗಿ ಹೋಗುವುದಿಲ್ಲ, ಮೆದುವಾಗಿಯೂ ಇರುವುದಿಲ್ಲ. ಮನೆಯ ಸೂರಿನ ಮೇಲೆ ಬಿದ್ದು ಮಳೆ ಬಂದರೆ ಆ ಭಾರಕ್ಕೆ ಸೂರೇ ಕುಸಿಯುತ್ತದೆ. 1982ರಲ್ಲಿ ಇಂಡೊನೇಷ್ಯಾದ ಗಲುಂಗ್ಗುಂಗ್ ಬೂದಿ ಮೋಡಕ್ಕೆ ರಾತ್ರಿ ಹೊತ್ತು ಒಂದು ಪ್ರಯಾಣಿಕ ವಿಮಾನ ಹೊಕ್ಕಿತು. ಎಂಜಿನ್‌ನ ಬಿಸಿಗೆ ಆ ಗಾಜಿನ ಪುಡಿ ಕರಗಿ ಒಳಗೆ ಅಂಟಿಕೊಂಡಿತು. ನಾಲ್ಕಕ್ಕೆ ನಾಲ್ಕೂ ಎಂಜಿನ್ ನಿಂತವು. ವಿಮಾನ ಮೋಡದಿಂದ ಕೆಳಗಿಳಿದಾಗ ಅಂಟಿದ್ದು ತಣ್ಣಗಾಗಿ ಉದುರಿ, ಎಂಜಿನ್ ಮತ್ತೆ ಹತ್ತಿ, ಎಲ್ಲರೂ ಉಳಿದರು. 2010ರಲ್ಲಿ ಐಸ್‌ಲ್ಯಾಂಡಿನ ಒಂದು ನಡುಗಾತ್ರದ ಸ್ಫೋಟಕ್ಕೇ ಯುರೋಪಿನ ವಿಮಾನಗಳು ದಿನಗಟ್ಟಲೆ ನಿಂತದ್ದು ಇದೇ ಭಯಕ್ಕೆ.

ಮಿಶ್ರ ಜ್ವಾಲಾಮುಖಿಯ ನಿಜವಾದ ಯಮ ಲಾವಾ ಅಲ್ಲ. ಬಿಸಿ ಬೂದಿ, ಕಲ್ಲು, ಅನಿಲ ಸೇರಿ ನೆಲಕ್ಕೆ ಅಂಟಿಕೊಂಡು ನುಗ್ಗುವ ಪ್ರವಾಹ. ತಜ್ಞರು ಪೈರೋಕ್ಲಾಸ್ಟಿಕ್ ಪ್ರವಾಹ ಎನ್ನುತ್ತಾರೆ. ನೂರಾರು ಡಿಗ್ರಿ ಬಿಸಿ, ಗಂಟೆಗೆ 100 ಕಿಲೋಮೀಟರ್‌ಗೂ ಮೀರಿದ ವೇಗ. ಓಡಿ ತಪ್ಪಿಸಿಕೊಳ್ಳುವ ಮಾತೇ ಇಲ್ಲ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಬುಡದ ಹರ್ಕ್ಯುಲೇನಿಯಮ್, ಪಾಂಪೇ ಊರುಗಳ ಕಥೆ ಮುಗಿಸಿದ್ದು ಇದು. 1902ರ ಮೇ 8ರಂದು ಕೆರಿಬಿಯನ್ ದ್ವೀಪ ಮಾರ್ಟಿನಿಕ್‌ನ ಪೆಲೇ ಬೆಟ್ಟದಿಂದ ಇಳಿದು ಸೇಂಟ್ ಪಿಯೆರ್ ಪಟ್ಟಣವನ್ನು ಕೆಲವೇ ನಿಮಿಷಗಳಲ್ಲಿ ಸುಟ್ಟಿದ್ದೂ ಇದು. ಅಲ್ಲಿ ಸತ್ತವರು ಸುಮಾರು 28,000. ಉಳಿದ ಬೆರಳೆಣಿಕೆಯ ಜನರಲ್ಲಿ ಒಬ್ಬ, ದಪ್ಪ ಕಲ್ಲುಗೋಡೆಯ ಕತ್ತಲೆ ಕೋಣೆಯಲ್ಲಿ ಕೂಡಿಹಾಕಿದ್ದ ಕೈದಿ.

ಶಾಲೆಯ ಪುಸ್ತಕ ಮೂರಕ್ಕೇ ನಿಲ್ಲಿಸುತ್ತದೆ. ಆದರೆ ನನಗೆ ಹೆಚ್ಚು ಕುತೂಹಲ ಹುಟ್ಟಿಸುವ ಜ್ವಾಲಾಮುಖಿಗಳು ಆ ಮೂರರ ಆಚೆ ಇವೆ. ಕೆಲವನ್ನು ಬೆಟ್ಟ ಅನ್ನುವುದೇ ಕಷ್ಟ.

ಪಾಕ ತೀರಾ ಮಂದವಾಗಿ ಅನಿಲ ಮೊದಲೇ ಸೋರಿಹೋಗಿದ್ದರೆ ಅದು ಸಿಡಿಯುವುದೂ ಇಲ್ಲ, ಹರಿಯುವುದೂ ಇಲ್ಲ. ಬಾಯಿಯಲ್ಲೇ ಗುಪ್ಪೆಯಾಗಿ ಕೂರುತ್ತದೆ. ಇದು ಲಾವಾ ಗುಮ್ಮಟ. ಪೆಲೇ ದುರಂತದ ನಂತರ ಅದರ ಬಾಯಿಯಿಂದ ಗಟ್ಟಿ ಕಲ್ಲಿನ ಕಂಬವೊಂದು ಮೇಲೇಳುತ್ತಾ ಸುಮಾರು 300 ಮೀಟರ್ ಬೆಳೆದು, ಆಮೇಲೆ ಕುಸಿದು ಪುಡಿಯಾಯಿತು. ಗುಮ್ಮಟ ನೋಡಲು ಸಾಧು. ಅಂಚು ಕುಸಿದರೆ ಮಾತ್ರ ಒಳಗಿನ ಬಿಸಿ ಕಲ್ಲು ಬೂದಿ ಪ್ರವಾಹವಾಗಿ ಇಳಿಯುತ್ತದೆ. ಜಪಾನಿನ ಉನ್ಜೆನ್‌ನಲ್ಲಿ 1991ರ ಜೂನ್ 3ರಂದು ಹೀಗೇ ಆಗಿ 43 ಜನ ಸತ್ತರು. ಜ್ವಾಲಾಮುಖಿಗಳನ್ನು ತೀರಾ ಹತ್ತಿರದಿಂದ ಚಿತ್ರೀಕರಿಸಿ ಹೆಸರಾಗಿದ್ದ ಕ್ರಾಫ್ಟ್ ದಂಪತಿ ಅವರಲ್ಲಿದ್ದರು.

ಇನ್ನು ಕ್ಯಾಲ್ಡೆರಾ. ಇದು ಬೆಟ್ಟ ಅಲ್ಲ, ಬೆಟ್ಟ ಇದ್ದ ಜಾಗದ ಗುಂಡಿ. ಭಾರೀ ಸ್ಫೋಟದಲ್ಲಿ ಒಳಗಿನ ಪಾಕ ಒಮ್ಮೆಲೇ ಖಾಲಿಯಾದರೆ ಮೇಲಿನ ಚಾವಣಿಗೆ ಆಸರೆ ತಪ್ಪಿ ಒಳಕ್ಕೆ ಕುಸಿಯುತ್ತದೆ. ಇಂಡೊನೇಷ್ಯಾದ ತಂಬೋರಾ 1815ರ ಏಪ್ರಿಲ್‌ನಲ್ಲಿ ಹೀಗೆ ಕುಸಿದು 6 ಕಿಲೋಮೀಟರ್ ಅಗಲದ ಗುಂಡಿ ಬಿಟ್ಟಿತು. ಅದು ಆಕಾಶಕ್ಕೆ ಕಳಿಸಿದ ಗಂಧಕದಿಂದ ಬಿಸಿಲು ಮಂಕಾಗಿ, 1816 ಯುರೋಪ್ ಮತ್ತು ಉತ್ತರ ಅಮೆರಿಕದ ಇತಿಹಾಸದಲ್ಲಿ ಬೇಸಿಗೆ ಇಲ್ಲದ ವರ್ಷ ಎಂದೇ ಉಳಿದಿದೆ. ಸುಮಾರು 74,000 ವರ್ಷ ಹಿಂದಿನ ಟೋಬಾ ಸ್ಫೋಟದ ಗುಂಡಿ ಈಗ ಸುಮಾತ್ರಾದಲ್ಲಿ 100 ಕಿಲೋಮೀಟರ್ ಉದ್ದದ ಸರೋವರ. ಅಮೆರಿಕದ ಯೆಲ್ಲೋಸ್ಟೋನ್ ಕೂಡ ಇದೇ ಸಾಲಿನದು. ಅದು ಇನ್ನೇನು ಸಿಡಿಯುತ್ತದೆ ಎಂಬ ವಿಡಿಯೊಗಳನ್ನು ನಿಮ್ಮ ಮಗಳು ನೋಡಿರಬಹುದು. ಅದರ ಕೊನೆಯ ಮಹಾಸ್ಫೋಟ ಆಗಿದ್ದು 6 ಲಕ್ಷಕ್ಕೂ ಹೆಚ್ಚು ವರ್ಷಗಳ ಹಿಂದೆ. ಅಲ್ಲಿಗಿಂತ ನನಗೆ ಚಿಂತೆ ಹುಟ್ಟಿಸುವುದು ಇಟಲಿಯ ನೇಪಲ್ಸ್ ಪಕ್ಕದ ಕಾಂಪಿ ಫ್ಲೆಗ್ರೆಯ್. ಆ ಕ್ಯಾಲ್ಡೆರಾದ ಒಳಗೇ ಲಕ್ಷಾಂತರ ಜನ ಮನೆ ಕಟ್ಟಿಕೊಂಡಿದ್ದಾರೆ, ನೆಲ ಏರುತ್ತಾ ಇಳಿಯುತ್ತಾ ಇದೆ.

ಬಾಯಿಯೇ ಇಲ್ಲದ ಜ್ವಾಲಾಮುಖಿಯೂ ಇದೆ. ನೆಲ ಉದ್ದಕ್ಕೆ ಬಿರಿದು ಆ ಬಿರುಕಿನಿಂದಲೇ ಲಾವಾ ಬರುತ್ತದೆ. ಐಸ್‌ಲ್ಯಾಂಡಿನ ಲಾಕಿಯಲ್ಲಿ 1783ರ ಜೂನ್‌ನಲ್ಲಿ 27 ಕಿಲೋಮೀಟರ್ ಉದ್ದದ ಬಿರುಕು ತೆರೆದು ಎಂಟು ತಿಂಗಳು ಸುರಿಯಿತು. ತೆಳು ಪಾಕ, ದೊಡ್ಡ ಸ್ಫೋಟ ಇಲ್ಲ. ಆದರೂ ಆ ದೇಶದ ಐದರಲ್ಲಿ ಒಂದು ಪಾಲು ಜನ ಸತ್ತರು. ಲಾವಾದಿಂದಲ್ಲ. ವಿಷಾನಿಲ ಹುಲ್ಲಿನ ಮೇಲೆ ಕೂತು ದನ, ಕುರಿ, ಕುದುರೆ ಸತ್ತವು. ಅವುಗಳ ಹಿಂದೆ ಹಸಿವು ಬಂತು. ತೆಳು ಪಾಕ ಅಂದರೆ ಸಾಧು ಅಂತ ಮೇಲೆ ನಾನೇ ಹೇಳಿದೆನಲ್ಲ, ಅದಕ್ಕೆ ಈ ತಿದ್ದುಪಡಿ ಸೇರಿಸಿಕೊಳ್ಳಿ. ಇದೇ ಬಗೆ ಇನ್ನೂ ಸಾವಿರಾರು ಪಟ್ಟು ದೊಡ್ಡದಾದರೆ ಸೈಬೀರಿಯಾದ, ದಖನ್ನಿನ ಲಾವಾ ಪ್ರಸ್ಥಭೂಮಿಗಳು. ಮೊದಲನೆಯದು ಸುಮಾರು 25 ಕೋಟಿ, ಎರಡನೆಯದು ಸುಮಾರು 6.6 ಕೋಟಿ ವರ್ಷ ಹಿಂದಿನದು.

ಸಮುದ್ರದ ತಳದಲ್ಲಿರುವುದನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆದರೆ ಭೂಮಿಯ ಲಾವಾದಲ್ಲಿ ಹೆಚ್ಚಿನ ಪಾಲು ಹೊರಬರುವುದು ಅಲ್ಲೇ, ಸಾಗರ ಮಧ್ಯದ ಬಿರುಕು ಸಾಲುಗಳಲ್ಲಿ. ತಣ್ಣೀರಿಗೆ ಸೋಕಿದ ಕೂಡಲೇ ಲಾವಾ ಹೊರಗೆ ಗಟ್ಟಿಯಾಗಿ ದಿಂಬುಗಳನ್ನು ಒಟ್ಟಿದ ಹಾಗೆ ಕಾಣುತ್ತದೆ. ನೀರು ಆಳ ಇಲ್ಲದ ಕಡೆ ಕಥೆಯೇ ಬೇರೆ. ನೀರು ಒಮ್ಮೆಲೇ ಆವಿಯಾಗಿ ಸ್ಫೋಟಕ್ಕೆ ಬಲ ಕೊಡುತ್ತದೆ. 2022ರ ಜನವರಿ 15ರಂದು ಟೋಂಗಾ ದ್ವೀಪಗಳ ಹತ್ತಿರ ಸಮುದ್ರದೊಳಗಿನ ಜ್ವಾಲಾಮುಖಿ ಸಿಡಿದಾಗ ಮೋಡ 57 ಕಿಲೋಮೀಟರ್ ಮೇಲೇರಿತು.

ಒಂದು ವಿಚಿತ್ರ ಹೇಳದೆ ಬಿಡಲು ಮನಸ್ಸಿಲ್ಲ. ತಾಂಜಾನಿಯಾದ ಓಲ್ ಡೊಯಿನ್ಯೊ ಲೆಂಗಾಯ್ ಬೆಟ್ಟದ ಲಾವಾದಲ್ಲಿ ಸಿಲಿಕಾ ಇಲ್ಲವೇ ಇಲ್ಲ ಅನ್ನಬಹುದು. ಅದು ಸೋಡಿಯಂ ಕಾರ್ಬೊನೇಟ್ ಬಗೆಯ ಪಾಕ. ಬಿಸಿ 500ರಿಂದ 600 ಡಿಗ್ರಿ. ಹಗಲಲ್ಲಿ ಕೆಂಪಗೂ ಕಾಣುವುದಿಲ್ಲ, ಕಪ್ಪು ಎಣ್ಣೆಯ ಹಾಗೆ ಹರಿಯುತ್ತದೆ. ಗಾಳಿಯ ತೇವ ತಾಗಿ ಸ್ವಲ್ಪ ಕಾಲದಲ್ಲೇ ಬೆಳ್ಳಗಾಗುತ್ತದೆ.

ಈ ವಿಧಗಳೆಲ್ಲ ನಾವು ಮಾಡಿಕೊಂಡ ಡಬ್ಬಿಗಳು, ಬೆಟ್ಟಗಳಿಗೆ ಅದು ಗೊತ್ತಿಲ್ಲ. ಗುರಾಣಿ ಜ್ವಾಲಾಮುಖಿಯಾದ ಮೌನಾ ಕೇಯಾದ ನೆತ್ತಿಯ ಮೇಲೆ ಸಿಂಡರ್ ಕೋನ್‌ಗಳ ಗುಂಪೇ ಇದೆ. ಇಟಲಿಯ ಎಟ್ನಾ ಮಿಶ್ರ ಜಾತಿ, ಆದರೆ ತೆಳು ಲಾವಾ ಸುರಿಸುತ್ತದೆ, ಮೈತುಂಬ ಸಣ್ಣ ಕೋನ್‌ಗಳನ್ನೂ ಹೊತ್ತಿದೆ. ಕಾಂಗೊದ ನೈರಾಗೊಂಗೊ ಅಂತೂ ದೊಡ್ಡ ಮೋಸಗಾರ. ಆಕಾರ ನೋಡಿದರೆ ಕಡಿದಾದ ಮಿಶ್ರ ಜ್ವಾಲಾಮುಖಿ, ಒಳಗಿರುವ ಪಾಕ ಜಗತ್ತಿನ ಅತಿ ತೆಳು ಪಾಕಗಳಲ್ಲಿ ಒಂದು. 1977ರಲ್ಲಿ ಅದರ ಮಗ್ಗುಲು ಬಿರಿದು ಬಾಯಿಯಲ್ಲಿದ್ದ ಲಾವಾ ಸರೋವರ ಒಂದೇ ಗಂಟೆಯೊಳಗೆ ಬರಿದಾಯಿತು. ಕಡಿದಾದ ಇಳಿಜಾರಿನಲ್ಲಿ ಆ ಲಾವಾ ವಾಹನದ ವೇಗದಲ್ಲಿ ಇಳಿಯಿತು. ಲಾವಾದಿಂದ ನಡೆದೇ ತಪ್ಪಿಸಿಕೊಳ್ಳಬಹುದು ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಜಾಗೃತ, ಸುಪ್ತ, ಲುಪ್ತ ಬಗ್ಗೆ ಆಮೇಲೆ ಹೇಳುತ್ತೇನೆ ಅಂದಿದ್ದೆ. ಫಿಲಿಪೀನ್ಸ್‌ನ ಪಿನಾಟುಬೊ ಸುಮಾರು 500 ವರ್ಷ ಮಲಗಿತ್ತು. ಮೈಮೇಲೆ ದಟ್ಟ ಕಾಡು, ಇಳಿಜಾರಿನಲ್ಲಿ ಜನವಸತಿ. ಅದು ಜ್ವಾಲಾಮುಖಿ ಎಂಬುದೇ ಸುತ್ತಲಿನ ಹೆಚ್ಚಿನವರಿಗೆ ತಿಳಿದಿರಲಿಲ್ಲ. 1991ರ ಏಪ್ರಿಲ್‌ನಲ್ಲಿ ಆವಿ ಬಿಡಲು ಶುರು ಮಾಡಿ, ಜೂನ್ 15ಕ್ಕೆ ಕಳೆದ ಶತಮಾನದ ಎರಡನೇ ಅತಿ ದೊಡ್ಡ ಸ್ಫೋಟವಾಗಿ ಸಿಡಿಯಿತು. ಅದರ ಗಂಧಕ ಇಡೀ ಭೂಮಿಯನ್ನು ಒಂದೆರಡು ವರ್ಷ ಸುಮಾರು ಅರ್ಧ ಡಿಗ್ರಿ ತಣ್ಣಗೆ ಮಾಡಿತು. ವಿಜ್ಞಾನಿಗಳು ಮೊದಲೇ ಎಚ್ಚರಿಸಿ ಜನರನ್ನು ತೆರವು ಮಾಡಿಸಿದ್ದರಿಂದ ಸಾವಿರಾರು ಜೀವ ಉಳಿಯಿತು. ಸುಪ್ತ ಎನ್ನುವುದು ನಮ್ಮ ಆಯಸ್ಸಿನ ಅಳತೆ. ಬೆಟ್ಟಕ್ಕೆ 500 ವರ್ಷ ಒಂದು ಜೊಂಪು.

ಈಗ ಎಲ್ಲಕ್ಕಿಂತ ಅಪಾಯಕಾರಿ ಯಾವುದು ಎಂಬ ಪ್ರಶ್ನೆ. ವಿಧ ನೋಡಿ ಹೇಳು ಅಂದರೆ ಮಿಶ್ರ ಜ್ವಾಲಾಮುಖಿ ಅಂತ ಹೇಳುತ್ತೇನೆ. ಕ್ಯಾಲ್ಡೆರಾ ಸ್ಫೋಟ ಅದಕ್ಕಿಂತ ಘೋರ, ಆದರೆ ಅಪರೂಪ. ಆದರೆ ವಿಧಕ್ಕಿಂತ ಮುಖ್ಯವಾದ ಎರಡು ಮಾತಿವೆ: ಬೆಟ್ಟದ ಮೇಲೆ ಏನಿದೆ, ಬುಡದಲ್ಲಿ ಯಾರಿದ್ದಾರೆ. ಕೊಲಂಬಿಯಾದ ನೆವಾಡೊ ದೆಲ್ ರೂಯಿಜ್ 1985ರ ನವೆಂಬರ್ 13ರ ರಾತ್ರಿ ಸಿಡಿದದ್ದು ಸಣ್ಣದಾಗಿ. ಸೇಂಟ್ ಹೆಲೆನ್ಸ್ ಎದುರು ಅದು ಏನೂ ಅಲ್ಲ. ಆದರೆ 5,300 ಮೀಟರ್ ಎತ್ತರದ ಅದರ ತಲೆಯ ಮೇಲೆ ಹಿಮ ಇತ್ತು. ಬಿಸಿ ಬೂದಿ ಸೋಕಿ ಹಿಮದ ಸ್ವಲ್ಪ ಭಾಗ ಕರಗಿತು, ಅಷ್ಟೇ. ಆ ನೀರು ಬೂದಿ, ಮಣ್ಣು, ಬಂಡೆ ಎಲ್ಲ ಬಾಚಿಕೊಂಡು ಹೊಳೆಯ ಕಣಿವೆಗಳಲ್ಲಿ ಕಾಂಕ್ರೀಟ್‌ನಂಥ ಕೆಸರಾಗಿ ಇಳಿಯಿತು. ಇದಕ್ಕೆ ಲಹಾರ್ ಎನ್ನುತ್ತಾರೆ, ಜಾವಾ ಭಾಷೆಯ ಪದ. ಬೆಟ್ಟದ ಬಾಯಿಯಿಂದ 70 ಕಿಲೋಮೀಟರ್‌ಗೂ ಹೆಚ್ಚು ದಾರಿ ಸವೆಸಿ, ಸುಮಾರು ಎರಡೂವರೆ ಗಂಟೆಯ ನಂತರ, ಅದು ಆರ್ಮೆರೊ ಪಟ್ಟಣವನ್ನು ಮುಟ್ಟಿತು. ಊರು ಮಲಗಿತ್ತು. ಒಟ್ಟು ಸುಮಾರು 23,000 ಜನ ಸತ್ತರು. ಆರ್ಮೆರೊಗೆ ಕೆಸರು ಬರಬಹುದು ಎಂದು ತೋರಿಸುವ ನಕ್ಷೆ ಅದಕ್ಕೆ ಒಂದು ತಿಂಗಳ ಮೊದಲೇ ತಯಾರಾಗಿತ್ತು. ಎರಡೂವರೆ ಗಂಟೆ ಸಮಯ ಇತ್ತು. ಹತ್ತಿರದ ದಿಣ್ಣೆ ಹತ್ತಿದ್ದರೆ ಸಾಕಿತ್ತು. ಈ ಘಟನೆ ಓದಿದಾಗಲೆಲ್ಲ ನನಗೆ ಬೆಟ್ಟದ ಮೇಲೆ ಸಿಟ್ಟು ಬರುವುದಿಲ್ಲ.

ಕೊನೆಗೆ ಮಗಳ ಚಿತ್ರ. ಪುಸ್ತಕಗಳಲ್ಲಿ ಮೂರನ್ನೂ ಒಂದೇ ಗಾತ್ರದಲ್ಲಿ ಬರೆದಿರುತ್ತಾರೆ, ನನಗೆ ಅದು ಹಿಡಿಸುವುದಿಲ್ಲ. ಪರೀಕ್ಷೆಗೆ ಬೇಕಾದರೆ ಹಾಗೇ ಬರೆಯಲಿ, ಒಳಗೆ ಪದರಗಳನ್ನು ತೋರಿಸಲು ಅದೇ ಅನುಕೂಲ. ಮನೆಯಲ್ಲಿ ಮಾತ್ರ ಒಮ್ಮೆ ಅಳತೆ ಹಿಡಿದು ಬರೆಯಲು ಹೇಳಿ. ಒಂದು ಕಿಲೋಮೀಟರ್‌ಗೆ ಒಂದು ಸೆಂಟಿಮೀಟರ್ ಅಂತ ಇಟ್ಟುಕೊಂಡರೆ, ಸಮುದ್ರ ತಳದಿಂದ ಮೌನಾ ಲೋವಾದ ಎತ್ತರ 9 ಸೆಂಟಿಮೀಟರ್. ಫೂಜಿ 3,776 ಮೀಟರ್, ಅಂದರೆ 4 ಸೆಂಟಿಮೀಟರ್‌ಗೂ ಸ್ವಲ್ಪ ಕಡಿಮೆ. ಪಾರಿಕುಟಿನ್ 4 ಮಿಲಿಮೀಟರ್, ಪೆನ್ಸಿಲ್ ಚೂಪು ಮಾಡಿಕೊಳ್ಳಬೇಕು. ಇಳಿಜಾರನ್ನೂ ಕೋನಮಾಪಕ ಇಟ್ಟೇ ಎಳೆಯಲಿ. ಗುರಾಣಿಗೆ 5 ಡಿಗ್ರಿ ಸಾಕು. ಆ ಗೆರೆ 10 ಸೆಂಟಿಮೀಟರ್ ಮುಂದೆ ಹೋದರೂ ಒಂದು ಸೆಂಟಿಮೀಟರ್ ಏರುವುದಿಲ್ಲ. ಸಿಂಡರ್ ಕೋನ್‌ಗೆ 33 ಡಿಗ್ರಿ. ಫೂಜಿಯ ಗೆರೆ ಬುಡದಲ್ಲಿ ಮೆಲ್ಲಗೆ ಎದ್ದು, ತುದಿ ಹತ್ತಿರವಾದ ಹಾಗೆ ಕಡಿದಾಗಬೇಕು, ಒಳಕ್ಕೆ ಸ್ವಲ್ಪ ಬಾಗಿದಂತೆ. ಮೌನಾ ಲೋವಾ ಒಂದು ಹಾಳೆಯಲ್ಲಿ ಹಿಡಿಸುವುದಿಲ್ಲ. ಹಲವು ಹಾಳೆಗಳನ್ನು ಅಂಟಿಸಿಕೊಳ್ಳಬೇಕಾಗುತ್ತದೆ, ಗಮ್ ತಂದಿಟ್ಟುಕೊಳ್ಳಿ.